ಮೂರು ನಿಮಿಷ

ಜಿಮ್ಮಿಗೆ ಸೇರಿದ ಮೊದಲ ವರ್ಷ ನಾನು ಕೂತದ್ದೇ ಇಲ್ಲ. ಒಂದು ಸೆಟ್ ಸ್ಕ್ವಾಟ್ ಮುಗಿಸಿ ರಾಡನ್ನು ಸ್ಟ್ಯಾಂಡಿಗೆ ಇಟ್ಟವನೇ ಅತ್ತಿಂದಿತ್ತ ಓಡಾಡುವುದು, ಒಂದು ಗುಟುಕು ನೀರು ಕುಡಿಯುವುದು, ನಿಮಿಷ ತುಂಬುವ ಮೊದಲೇ ಮತ್ತೆ ರಾಡಿನ ಕೆಳಗೆ ನುಗ್ಗುವುದು. ಬೆಂಚಿನ ಮೇಲೆ ಸುಮ್ಮನೆ ಕೂತವರನ್ನು ಕಂಡರೆ, ಇವರು ದುಡ್ಡು ಕೊಟ್ಟು ಮೊಬೈಲ್ ನೋಡಲು ಬರುತ್ತಾರೆ ಅನ್ನಿಸುತ್ತಿತ್ತು. ಬೆವರು ಸುರಿದಷ್ಟೂ ಕೆಲಸವಾಯಿತು ಎಂಬುದು ನನ್ನ ಲೆಕ್ಕ. ನೋಟ್‌ಬುಕ್ಕಿನ ಲೆಕ್ಕ ಬೇರೆಯೇ ಇತ್ತು. 60 ಕೆಜಿ ಹೊತ್ತು ಮೊದಲ ಸೆಟ್ಟಿನಲ್ಲಿ 8 ಸಲ, ಎರಡನೆಯದರಲ್ಲಿ 6, ಮೂರನೆಯದರಲ್ಲಿ 4. ತಿಂಗಳುಗಟ್ಟಲೆ ಅಷ್ಟೇ.

ಭಾರ ಎತ್ತುವಾಗ ಸ್ನಾಯು ಮೊದಲು ಖರ್ಚು ಮಾಡುವುದು ಕೈಯಲ್ಲಿರುವ ಚಿಲ್ಲರೆಯನ್ನು. ಅದರ ಹೆಸರು ಫಾಸ್ಫೋಕ್ರಿಯೇಟಿನ್. ಜೋರಾಗಿ ಎತ್ತಿದರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲೇ ಬಹುಪಾಲು ಕರಗಿಹೋಗುತ್ತದೆ. ಮತ್ತೆ ತುಂಬಿಕೊಳ್ಳಲು ಕೆಲವು ನಿಮಿಷ ಬೇಕು. 2016ರಲ್ಲಿ ಬ್ರಾಡ್ ಶೋನ್‌ಫೆಲ್ಡ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲೇ ಅಭ್ಯಾಸವಿದ್ದ 21 ತರುಣರು ಎಂಟು ವಾರ ಒಂದೇ ಬಗೆಯ ವ್ಯಾಯಾಮ ಮಾಡಿದ್ದರು. ಸೆಟ್ಟುಗಳ ನಡುವೆ ಒಂದು ಗುಂಪಿಗೆ ಒಂದು ನಿಮಿಷ ಬಿಡುವು, ಇನ್ನೊಂದಕ್ಕೆ ಮೂರು. ಹೆಚ್ಚು ಬಲ ಗಳಿಸಿದವರು ಮೂರು ನಿಮಿಷ ಕೂತವರು.

ಓದಿದ ಮೇಲೆ ನಾನೂ ಕೂತೆ. 8, 8, 7. (ತೋಳಿನ ಡಂಬೆಲ್ಲಿಗೆಲ್ಲ ಇಷ್ಟು ಹೊತ್ತು ಬೇಕಿಲ್ಲ, ಒಂದೂವರೆ ನಿಮಿಷ ಸಾಕು.) ಅಂಕಿ ಏರಿತು, ಆದರೆ ಕೂರುವುದು ಅಭ್ಯಾಸವಾಗಲಿಲ್ಲ. ಯಾರೋ ನೋಡುತ್ತಿದ್ದಾರೆ, ಈಗ ಬೈಯುತ್ತಾರೆ ಎಂಬ ಅಳುಕು.

ಅಪ್ಪ ದಾವಣಗೆರೆಯ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿಯಾಗಿದ್ದವನು. ಕೂಲಿ ಚೀಲದ ಲೆಕ್ಕದಲ್ಲಿ. ಬೆನ್ನ ಮೇಲಿನದನ್ನು ಲಾರಿಗೆ ಇಳಿಸಿ ಒಂದು ಗಳಿಗೆ ಕೂತರೆ ಗುಮಾಸ್ತನ ಕೂಗು, ಜೊತೆಯವರ ಗೊಣಗಾಟ. ಮನೆಯಲ್ಲಿ ಅವ್ವನ ಬಾಯಲ್ಲಿ ಕುಡಿಕೆ ಹೊನ್ನಿನ ಗಾದೆ. ಕೂತು ಸಿಕ್ಕಿಬಿದ್ದರೆ ಕದ್ದು ಸಿಕ್ಕಿಬಿದ್ದಂತೆ, ಹಾಗೇ ಬೆಳೆದೆವು.

ಕಳೆದ ಬೇಸಗೆಯಲ್ಲಿ ಅಪ್ಪ ಬೆಂಗಳೂರಿಗೆ ಬಂದಿದ್ದ. ನೋಡಬೇಕು ಅಂದ, ಜಿಮ್ಮಿಗೆ ಕರೆದುಕೊಂಡು ಹೋದೆ. ಚಪ್ಪಲಿ ಹೊರಗೆ ಬಿಟ್ಟು, ಗೋಡೆಗೆ ಒರಗಿ ಕೂತ. ನಾನು ಸೆಟ್ ಮುಗಿಸಿ ಫೋನಿನಲ್ಲಿ ಸ್ಟಾಪ್‌ವಾಚ್ ಒತ್ತಿ ಅವನ ಪಕ್ಕ ಕೂತೆ.

"ಲೇ ತಮ್ಮಾ, ಎತ್ತೋದಕ್ಕಿಂತ ಕುಂದ್ರೋದೇ ಜಾಸ್ತಿ ಐತಲ್ಲೋ."

ಮೂರು ನಿಮಿಷದ ಲೆಕ್ಕ ಹೇಳಿದೆ. ಸ್ನಾಯುವಿನ ಚಿಲ್ಲರೆಯ ಕತೆಯನ್ನೂ ಹೇಳಿದೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ.

"ಇದಕ್ಕೆ ತಿಂಗಳಿಗೆ ಎಷ್ಟು ಕೊಡ್ತೀ?"

"ಒಂದೂವರೆ ಸಾವಿರ."

"ನಾವು ಉಚ್ಚೆ ಹೊಯ್ಯೋಕೆ ಹೋದಾಗ ಒಂಚೂರು ಸುಧಾರಿಸ್ಕಂತಿದ್ವಿ" ಅಂದ. ನಕ್ಕು ಮೊಣಕಾಲು ನೀವಿಕೊಂಡ. ಆ ಮೊಣಕಾಲು ಈಗ ಮೆಟ್ಟಿಲು ಹತ್ತುವುದಿಲ್ಲ.

ಅಷ್ಟರಲ್ಲಿ ಹುಡುಗನೊಬ್ಬ ಬಂದು ರಾಡಿನ ಹತ್ತಿರ ನಿಂತು ನನ್ನನ್ನೇ ನೋಡತೊಡಗಿದ. ಹಳೆಯ ಅಳುಕು. ಎರಡು ನಿಮಿಷ ಹತ್ತು ಸೆಕೆಂಡಾಗಿತ್ತು, ಎದ್ದೆ. ಅಪ್ಪ ಗಡಿಯಾರ ನೋಡಲಿಲ್ಲ. ನನ್ನ ಮಣಿಕಟ್ಟು ಹಿಡಿದು ಕೆಳಗೆಳೆದ.

"ಕುಂತ್ಕ. ಉಸಿರಿನ್ನೂ ಮೇಲೇ ಐತಿ. ಅವನು ಕಾಯ್ಲಿ."