ವಳಸಂಗದ ಗೋಡೆಯ ಬೆಳ್ಳಿ

ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ವಳಸಂಗ ನನ್ನ ಅಕ್ಕನನ್ನು ಕೊಟ್ಟ ಊರು. ರಾಜ್ಯ ಮಹಾರಾಷ್ಟ್ರವಾದರೂ ಅಕ್ಕನ ಮನೆಯ ಮಾತು ಕನ್ನಡವೇ. ಆ ಸೀಮೆ ಬರಕ್ಕೆ ಹೆಸರಾದದ್ದು. ಅಂಥ ಕಡೆಯ ಹಾವಸೆಯ ಬಗ್ಗೆ ಬರೆಯುತ್ತಾನಲ್ಲ ಎಂದು ವಾಚಕರು ನಗಬಹುದು.

ಕಳೆದ ವೈಶಾಖದಲ್ಲಿ ಹೋದಾಗ ಮನೆಯಲ್ಲಿ ಸಣ್ಣದೊಂದು ವಾದ ನಡೆದಿತ್ತು. ಹಿತ್ತಲಿನ ನೀರಿನ ತೊಟ್ಟಿಗೆ ಗಿಲಾವು ಮಾಡಲು ಗೌಂಡಿ ತಂತಿಯ ಬ್ರಶ್ ಹಿಡಿದು ಬಂದಿದ್ದ. ಗೋಡೆಯ ಬುಡದಲ್ಲಿ ಬೂದಿಬಿಳುಪಿನ ಚಿಕ್ಕ ಚಿಕ್ಕ ಗುಪ್ಪೆಗಳು. "ಒಣಗಿ ಸತ್ತಿದೆ, ಕೆರೆದರೆ ದೋಷವೇನು?" ಎಂದು ಅಕ್ಕನ ಮಗ. "ಹಾವಸೆ ಅನಂತಕಾಯ, ಮುಟ್ಟಬೇಡ" ಎಂದು ಅಕ್ಕ. ತೀರ್ಮಾನ ನನ್ನ ಮೇಲೆ ಬಂತು.

ಬೆಳ್ಳಿಯ ಮೇಲಿನ ಮುದ್ರೆ ನೋಡುವ ಮಸೂರ ಸದಾ ನನ್ನ ಕಿಸೆಯಲ್ಲಿರುತ್ತದೆ. ಕುಕ್ಕರಗಾಲಲ್ಲಿ ಕುಳಿತು ನೋಡಿದೆ. ಒಂದೊಂದು ಕಡ್ಡಿ ಒಂದು ಸೆಂಟಿಮೀಟರೂ ಇಲ್ಲ. ಅದಕ್ಕೆ ಮೀನಿನ ಹುರುಪೆಯಂತೆ ಒಂದರ ಮೇಲೊಂದು ಒತ್ತಿ ಕೂತ ಎಲೆಗಳು. ಎಲೆಯ ಬುಡ ಹಸಿರು, ತುದಿ ಮಾತ್ರ ಬಣ್ಣವಿಲ್ಲದೆ ಬಿಳಿ. ಒಂದು ಗಿಂಡಿ ನೀರು ಚಿಮುಕಿಸಿದೆ. ನಾವು ಚಹಾ ಕುಡಿದು ಬರುವಷ್ಟರಲ್ಲಿ ಗುಪ್ಪೆ ಹಸಿರಾಗಿ ಉಬ್ಬಿತ್ತು! ಸತ್ತಿರಲಿಲ್ಲ, ಕಾದಿತ್ತು.

ಸಸ್ಯಶಾಸ್ತ್ರ ಓದುತ್ತಿರುವ ಅಕ್ಕನ ಮೊಮ್ಮಗಳು ಇದರ ಹೆಸರು ಬ್ರಯಮ್ ಅರ್ಜೆಂಟಿಯಮ್ ಎಂದಳು. ಅರ್ಜೆಂಟಮ್ ಎಂದರೆ ಲ್ಯಾಟಿನ್‌ನಲ್ಲಿ ಬೆಳ್ಳಿಯಂತೆ. 1801ರಲ್ಲಿ ಅಚ್ಚಾದ ಜರ್ಮನಿಯ ಹೆಡ್ವಿಗ್ ಎಂಬುವರ ಗ್ರಂಥದಲ್ಲಿಯೇ ಇದರ ವರ್ಣನೆ ಇದೆ. ಎಲೆಯ ತುದಿಗಳಲ್ಲಿ ಹಸಿರು ದ್ರವ್ಯವಿಲ್ಲದ್ದರಿಂದ ಬೆಳಕು ಪ್ರತಿಫಲಿಸಿ ಬೆಳ್ಳಿಯ ಹೊಳಪು ಬರುತ್ತದೆ. ಪೇಟೆಯ ಕಾಲುದಾರಿ, ಕಾಂಕ್ರೀಟ್, ಮಾಳಿಗೆ ಎಲ್ಲ ಕಡೆ ಬೆಳೆಯುತ್ತದೆ. ಅಂಟಾರ್ಕ್ಟಿಕಾದ ಹಿಮಭೂಮಿಯಲ್ಲೂ ಇದೆ. ಮುರಿದ ಚೂರೇ ಹೊಸ ಗಿಡವಾಗುವುದರಿಂದ ನಮ್ಮ ಚಪ್ಪಲಿಗೆ ಅಂಟಿಯೂ ಊರೂರು ಸೇರುತ್ತದೆ. ನಮ್ಮ ವ್ಯಾಪಾರಿ ಜಾತಿಯೇ ಅನ್ನಿ!

ಇದಕ್ಕೆ ನಿಜವಾದ ಬೇರಿಲ್ಲ. ಕೂದಲಿನಂಥ ಎಳೆಗಳು ಹಿಡಿದುಕೊಳ್ಳುವುದಕ್ಕೆ ಮಾತ್ರ. ನೀರನ್ನು ಮೈಯೆಲ್ಲದರಿಂದ ಹೀರುತ್ತದೆ. ಅಂದಮೇಲೆ ಗೋಡೆ ಒಡೆದದ್ದು ಇದಲ್ಲ. ಹುಡುಕಿದರೆ ತೊಟ್ಟಿಯ ನಳದ ಸಂದಿಯಲ್ಲಿ ನೀರು ಜಿನುಗುತ್ತಿತ್ತು. ಎಷ್ಟು ವರ್ಷದಿಂದಲೋ! ಕಾಲು ಜಾರಿಸುವ ಲೋಳೆಯೂ ಇದಲ್ಲ, ಅದು ನೀರಿನ ಪಾಚಿ, ಎಲೆ ಕಾಂಡಗಳಿಲ್ಲದ್ದು. ಆಡುಮಾತಿನಲ್ಲಿ ಎರಡನ್ನೂ ಹಾವಸೆ ಎನ್ನುತ್ತೇವೆ.

ಇದು ಸಾಧಾರಣವೋ ಪ್ರತ್ಯೇಕವೋ ಎಂಬುದನ್ನು ಮುನಿಗಳನ್ನೇ ಕೇಳಬೇಕು. ನಾನು ಮ್ಯಾಟ್ರಿಕ್ ಓದಿದವನು. ಜೀವವಿದೆ ಎಂಬುದನ್ನಂತೂ ಮೂವರೂ ಕಣ್ಣಾರೆ ಕಂಡೆವು. ನಳ ರಿಪೇರಿಯಾಯಿತು. ಬುಡದ ಒಂದು ಗೇಣು ಬಿಟ್ಟು ಮೇಲೆ ಗಿಲಾವು ಮಾಡಿಸಿದೆವು. ಕೆಲಸ ಅರ್ಧವಾಯಿತೆಂದು ಗೌಂಡಿ ಗೊಣಗಿದ. ಪೂರ್ತಿ ದಿನದ ಪಗಾರ ಕೊಟ್ಟೆವು.

ಶ್ರಾವಣದಲ್ಲಿ ಅಕ್ಕ ಫೋನು ಮಾಡಿದ್ದಳು. ಎರಡು ಮಳೆ ಬಿದ್ದಿದೆಯಂತೆ, ಬುಡವೆಲ್ಲ ಹಸಿರಂತೆ. ಅಕ್ಕನ ಮಗ ಈಗ ಆ ಬದಿಗೆ ಸೈಕಲ್ ನಿಲ್ಲಿಸುವುದಿಲ್ಲವಂತೆ.