ಕುವೈತ್ ಟವರ್ಸಿನ ನೀರು ಮತ್ತು ನಮ್ಮ ಸೈಟು

ಊರಿಂದ ಯಾರೇ ಬರಲಿ, ಮೊದಲ ಶುಕ್ರವಾರ ನಾವು ಕರ್ಕೊಂಡು ಹೋಗೋದು ಕುವೈತ್ ಟವರ್ಸಿಗೆ. ಫೋಟೋ ಊರು ತಲುಪುತ್ತೆ. ಅದನ್ನು ನೋಡಿದವರು ಹೋಟೆಲ್ ಅಂತಲೋ ಟಿವಿ ಟವರ್ ಅಂತಲೋ ತಿಳ್ಕೊಳ್ತಾರೆ. ಅದು ನೀರಿನ ಟ್ಯಾಂಕು ಮಾರಾಯ್ರೇ! ಮನೆ ಮೇಲಿನ ಸಿಂಟೆಕ್ಸ್ ಮಾಡೋ ಕೆಲಸವನ್ನೇ ಅದೂ ಮಾಡುತ್ತೆ.

ನಾವು ಬಿ.ಕಾಂ. ಓದಿ ಇಲ್ಲಿ ಲೆಕ್ಕ ಬರೆಯೋರು, ಇಂಜಿನಿಯರ್ ಅಲ್ಲ. ಆದರೆ ಈ ವರ್ಷ ಮಾಗಡಿ ಕಡೆ ಒಂದು ಸೈಟು ಕೊಳ್ಳುವ ಮಾತು ಬಂದಿದೆ. ಹದಿನೇಳು ವರ್ಷದ ಉಳಿತಾಯ ಅದರ ಮೇಲೆ ಹಾಕಬೇಕು. ಬ್ರೋಕರನ್ನು ನೀರಿನ ಬಗ್ಗೆ ಕೇಳಿದರೆ ‘ಕಾವೇರಿ ಬರುತ್ತೆ ಸಾರ್’ ಅಂತಾನೆ. ಹಾಗಾಗಿ ನೀರಿನ ಲೆಕ್ಕ ತಲೆಗೆ ಹತ್ತಿದೆ.

ಕುವೈತಿನಲ್ಲಿ ನದಿ ಇಲ್ಲ, ಕೆರೆ ಇಲ್ಲ. ಹಿಂದೆ ಶತ್ ಅಲ್-ಅರಬ್ ನದಿಯಿಂದ ಹಾಯಿ ದೋಣಿಗಳಲ್ಲಿ ಸಿಹಿನೀರು ತುಂಬಿ ತರ್ತಿದ್ರು. 1939ರಲ್ಲಿ ಆ ನೀರು ತರೋದಕ್ಕೇ ಒಂದು ಕಂಪನಿ ಆಯ್ತು. 1953ರಲ್ಲಿ ಶುವೈಖ್‌ನಲ್ಲಿ ಸಮುದ್ರದ ನೀರನ್ನು ಕಾಯಿಸಿ ಸಿಹಿ ಮಾಡೋ ಸರ್ಕಾರಿ ಸ್ಥಾವರ ಶುರುವಾಯ್ತು, ದಿನಕ್ಕೆ 10 ಲಕ್ಷ ಗ್ಯಾಲನ್. ನೀರೇನೋ ಬಂತು. ಅದನ್ನು ಮನೆಮನೆಗೆ ಒಂದೇ ಒತ್ತಡದಲ್ಲಿ ತಲುಪಿಸೋದು ಹೇಗೆ? ನಮ್ಮ ಕಡೆ ಆದರೆ ಗುಡ್ಡದ ಮೇಲೆ ಟ್ಯಾಂಕ್ ಕಟ್ಟಿಬಿಡ್ತಾರೆ. ಇಲ್ಲಿ ಗುಡ್ಡ ಎಲ್ಲಿಂದ ತರೋದು?

ಸ್ವೀಡನ್ನಿನ ವಿಬಿಬಿ ಕಂಪನಿಗೆ ಆ ಕೆಲಸ ಸಿಕ್ಕಿತು. ವಾಸ್ತುಶಿಲ್ಪಿ ಸೂನೆ ಲಿಂಡ್‌ಸ್ಟ್ರೋಮ್ ಐದು ಕಡೆ ಗುಂಪು ಗುಂಪಾಗಿ 31 ಟವರ್ ನಿಲ್ಲಿಸಿದರು. ಪಟ್ಟೆ ಬಳಿದ ಅಣಬೆ ಥರ ಇವೆಯಲ್ಲ, ಕೆಲಸಕ್ಕೆ ಹೋಗೋ ಬಸ್ಸಿನ ಕಿಟಕಿಯಿಂದ ನಾವೆಲ್ಲ ನೋಡೋದು, ಅವೇ. ಒಂದೊಂದರಲ್ಲಿ 3,000 ಘನ ಮೀಟರ್ ನೀರು. ಆರನೇ ಜಾಗಕ್ಕೆ ಮಾತ್ರ ಅಣಬೆ ಬೇಡ, ಬೇರೆ ಥರ ಇರಲಿ ಅಂತ ಮುಂದೆ ಅಮೀರರಾದ ಶೇಖ್ ಜಾಬರ್ ಅಲ್-ಅಹ್ಮದ್ ಹೇಳಿದರು. ಮಲೇನ್ ಬ್ಯೋರ್ನ್ ಎಂಬ ಮಹಿಳೆ ವಿನ್ಯಾಸ ಮಾಡಿದರು, ಬೆಲ್‌ಗ್ರೇಡಿನ ಕಂಪನಿ ಕಟ್ಟಿತು, 1979ರ ಮಾರ್ಚ್‌ನಲ್ಲಿ ಉದ್ಘಾಟನೆ. ದೊಡ್ಡದು 187 ಮೀಟರ್, ಎರಡನೆಯದು 147. ಮೂರನೆಯದರಲ್ಲಿ ನೀರಿಲ್ಲ, ಉಳಿದೆರಡಕ್ಕೆ ಬೆಳಕು ಬಿಡೋದಷ್ಟೇ ಅದರ ಕೆಲಸ. ಗೋಲದ ಮೇಲೆ ಮಿನುಗೋದು ಸುಮಾರು 41,000 ಉಕ್ಕಿನ ಬಿಲ್ಲೆಗಳು. ಮೇಲೆ ಊಟ ಮಾಡೋರ ಕಾಲ ಕೆಳಗೇ ನೀರು ನಿಂತಿರುತ್ತೆ. 1980ರಲ್ಲಿ ಈ ಟವರುಗಳಿಗೆಲ್ಲ ಸೇರಿ ಆಗಾ ಖಾನ್ ಪ್ರಶಸ್ತಿ ಬಂತು.

ಈಗ ನಮ್ಮ ಕಸುಬಿಗೆ ಬರೋಣ. ಅಣಬೆ 31ರಲ್ಲಿ 93,000, ಇವೆರಡರಲ್ಲಿ 9,000, ಒಟ್ಟು 1,02,000 ಘನ ಮೀಟರ್. ಗ್ಯಾಲನ್ನಿಗೆ ತಿರುಗಿಸಿದರೆ ಎರಡೂಕಾಲು ಕೋಟಿ ಹತ್ತಿರ. ಇಡೀ ದೇಶದ ಒಂದು ದಿನದ ಬಳಕೆ ಈಗ 40 ಕೋಟಿ ಗ್ಯಾಲನ್‌ಗೂ ಮೇಲೆ. ಅಂದರೆ ಎಲ್ಲಾ ಟವರುಗಳ ನೀರು ಕೂಡಿಸಿದರೂ ಒಂದೂವರೆ ಗಂಟೆಗೆ ಸಾಲದು! ನಾವು ಎರಡು ಸಲ ಕ್ಯಾಲ್ಕುಲೇಟರ್ ಒತ್ತಿ ನೋಡಿದೆವು.

ಹಾಗಾದರೆ ಇದು ಬರೀ ಶೋಕಿಯೇ? ಅಲ್ಲ. ಇದು ಆಫೀಸಿನ ಪೆಟ್ಟಿ ಕ್ಯಾಶ್ ಇದ್ದ ಹಾಗೆ. ಕ್ಯಾಂಪುಗಳಲ್ಲಿ ಬೆಳಗ್ಗೆ ನಾಲ್ಕೂವರೆಗೆ ಸಾವಿರಾರು ಜನ ಒಟ್ಟಿಗೆ ನಲ್ಲಿ ತಿರುಗಿಸ್ತಾರೆ. ಆ ಹೊತ್ತಿಗೆ ಮೇಲಿಂದ ಇಳಿಯೋದು ಎತ್ತರದ ಟ್ಯಾಂಕಿನ ನೀರು. ರಾತ್ರಿ ಬಳಕೆ ಇಳಿದಾಗ ಪಂಪು ಅದನ್ನು ಮತ್ತೆ ತುಂಬಿಸುತ್ತೆ. ಫಿಕ್ಸೆಡ್ ಡೆಪಾಸಿಟ್ ಬೇರೆ ಇದೆ. ಅದು ಯಾರೂ ಫೋಟೋ ತೆಗೆಯದ, ನೆಲಮಟ್ಟದ ಕಾಂಕ್ರೀಟ್ ಜಲಾಶಯಗಳಲ್ಲಿ ಇರೋದು, ಸುಮಾರು 400 ಕೋಟಿ ಗ್ಯಾಲನ್. ವಾರ, ಹೆಚ್ಚಂದ್ರೆ ಹತ್ತು ದಿನಕ್ಕೆ ಸಾಕು. 1991ರ ಯುದ್ಧದಲ್ಲಿ ಸಮುದ್ರಕ್ಕೆ ಎಣ್ಣೆ ಹರಿಬಿಟ್ಟಿದ್ದನ್ನು ಕಂಡ ದೇಶ ಇದು. ಸ್ಥಾವರ ನಿಂತರೆ ಏನು ಗತಿ ಅಂತ ಇವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಜುಲೈನಲ್ಲಿ ತಣ್ಣೀರಿನ ನಲ್ಲಿಯಲ್ಲಿ ಕುದಿನೀರು ಬರುತ್ತೆ ಅನ್ನೋದು ಬಿಟ್ಟರೆ ನಮಗೆ ಇಲ್ಲಿ ತಕರಾರಿಲ್ಲ. ಗೀಸರ್ ಆಫ್ ಮಾಡಿಟ್ಟು ಅದರ ನೀರನ್ನೇ ತಣ್ಣೀರು ಅಂತ ಸ್ನಾನ ಮಾಡೋ ಉಪಾಯ ನಿಮಗೆಲ್ಲ ಗೊತ್ತಿದ್ದದ್ದೇ. ಆದರೆ 2024ರ ಬೇಸಿಗೆಯಲ್ಲಿ ನಮ್ಮ ಮನೆಯವರು ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಟ್ಯಾಂಕರಿಗೆ ಕಾಯ್ತಾ ಕೂತಿದ್ರು. ಮರುಭೂಮಿಯಲ್ಲಿ ಕೂತು ನಾವು ಊರಿಗೆ ನೀರಿನ ದುಡ್ಡು ಕಳಿಸಿದೆವು.

ಇನ್ನೊಂದು ಲೆಕ್ಕ ಕೇಳಿ. ನಮ್ಮ ಮಾಗಡಿ ಕಡೆಯ ತಿಪ್ಪಗೊಂಡನಹಳ್ಳಿ ಜಲಾಶಯ ಅರ್ಕಾವತಿ, ಕುಮುದ್ವತಿ ಸೇರೋ ಜಾಗದಲ್ಲಿದೆ. 1894ರ ಹೆಸರಘಟ್ಟ ಸಾಲದೆ ಹೋದಾಗ ಸರ್ ಎಂ.ವಿ. ಅವರ ಯೋಜನೆಯಂತೆ ಬೆಂಗಳೂರಿಗಾಗಿ ಕಟ್ಟಿದ್ದು, 1933ರಲ್ಲಿ ಮುಗಿಯಿತು. ತುಂಬಿದರೆ ಮೂರು ಟಿಎಂಸಿಗೂ ಮೇಲೆ. ಗ್ಯಾಲನ್ನಿನಲ್ಲಿ 1,800 ಕೋಟಿ ದಾಟುತ್ತೆ. ಕುವೈತಿನ ಇಡೀ ದಾಸ್ತಾನಿನ ನಾಲ್ಕು ಪಟ್ಟು! ಶಾಲೆಯಿಂದ ಕರ್ಕೊಂಡು ಹೋದಾಗ ಅಲ್ಲಿ ನೀರಿನ ಆಚೆ ದಡ ನೋಡೋಕೆ ನಾವು ಕಣ್ಣು ಕಿರಿದು ಮಾಡಬೇಕಿತ್ತು.

ಪಾತ್ರೆ ಈಗಲೂ ಅಷ್ಟೇ ದೊಡ್ಡದು, ಜಮಾ ನಿಂತುಹೋಯ್ತು. ಮೇಲ್ಗಡೆ ಬೋರ್‌ವೆಲ್ ಮೇಲೆ ಬೋರ್‌ವೆಲ್, ನೀಲಗಿರಿ ತೋಪು, ಲೇಔಟು. ಹಳ್ಳಗಳು ಒಣಗಿದವು, ಬಂದ ನೀರಿಗೂ ಊರ ಕೊಳಚೆ ಸೇರಿತು. 2012ರ ಕೊನೆಗೆ ನಗರಕ್ಕೆ ಅಲ್ಲಿಂದ ನೀರು ಎತ್ತೋದನ್ನೇ ನಿಲ್ಲಿಸಿದರು. ಒಳ್ಳೆ ಮಳೆಯ ವರ್ಷ ಒಂದಷ್ಟು ನೀರು ನಿಲ್ಲುತ್ತೆ, ಅಷ್ಟೇ. ಈಗ ಬೆಂಗಳೂರಿಗೆ ಕಾವೇರಿಯೇ ದಿಕ್ಕು. 100 ಕಿಲೋಮೀಟರ್ ದೂರದಿಂದ ಮೂರು ಹಂತದಲ್ಲಿ ಪಂಪು ಮಾಡಿ ಮೇಲೆತ್ತಿದ ನೀರು. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತವೂ ಬಂತು, ದಿನಕ್ಕೆ 77.5 ಕೋಟಿ ಲೀಟರ್. ಕುವೈತಿಗೆ ಸಮುದ್ರ ಖಾಲಿಯಾಗೋ ಭಯವಿಲ್ಲ, ಕಾಯಿಸೋಕೆ ಎಣ್ಣೆ-ಗ್ಯಾಸು ಇರೋ ತನಕ. ನಮಗೆ ಮಳೆ ಬಿಟ್ಟಿ ಬರ್ತಿತ್ತು, ಅದು ಹರಿದು ಬರೋ ದಾರಿಯನ್ನೇ ಮಾರಿಕೊಂಡೆವು.

ನಮಗೆ ತೋರಿಸಿರೋ ಸೈಟು ಇರೋದು ಅದೇ ಜಲಾಶಯದ ಮೇಲ್ಗಡೆ. ಅಲ್ಲಿ ಬಿದ್ದ ಮಳೆ ತಿಪ್ಪಗೊಂಡನಹಳ್ಳಿಗೇ ಹೋಗಬೇಕು. 2003ರಲ್ಲಿ ಸರ್ಕಾರ ಆ ಪ್ರದೇಶದಲ್ಲಿ ಕಟ್ಟಡಗಳಿಗೆ ನಿರ್ಬಂಧ ಹಾಕಿತ್ತು, ಆಮೇಲೆ ಸಡಿಲ ಮಾಡಿದರು. ಕಾಗದ ಪತ್ರ ಸರಿಯಾಗಿಯೇ ಇವೆಯಂತೆ. ‘ಎಲ್ಲರೂ ತಗೊಳ್ತಿದ್ದಾರೆ, ನಾವೊಬ್ಬರು ಬಿಟ್ಟರೆ ಹೊಳೆ ಹರಿಯುತ್ತಾ?’ ಅಂತ ಮನೆಯವರು ಕೇಳ್ತಾರೆ. ಆ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರ ಇಲ್ಲ. ಮಕ್ಕಳಿಗೆ ಸ್ವಂತ ಸೂರು ಅಂತ ಒಂದು ಬೇಕಲ್ಲ.

ಸದ್ಯಕ್ಕೆ ಅಡ್ವಾನ್ಸ್ ಕೊಡೋದನ್ನು ಮುಂದಕ್ಕೆ ಹಾಕಿದ್ದೇವೆ. ಬ್ರೋಕರ್ ವಾಟ್ಸಾಪಿನಲ್ಲಿ ಕಳಿಸಿದ ಫೋಟೋಗಳೆಲ್ಲ ಫೆಬ್ರವರಿಯವು, ಎಲ್ಲಾ ಒಣನೆಲ. ಆಗಸ್ಟಿನಲ್ಲಿ ರಜೆ ಸಿಗುತ್ತೆ. ಒಂದು ಜೋರು ಮಳೆ ಬಿದ್ದ ಮಾರನೇ ದಿನ ಆ ಜಾಗಕ್ಕೆ ಹೋಗಿ, ನೀರು ಯಾವ ಕಡೆಗೆ ಹರೀತಿದೆ ಅಂತ ನೋಡಬೇಕು ಅಂದ್ಕೊಂಡಿದ್ದೇವೆ.