ದಾಟುವವರ ಸೇತುವೆ, ನೋಡುವವರ ಹೊಳೆ

ಡ್ರೆಸ್ಡೆನ್ ನಗರದ ಹನ್ನೊಂದನೇ ನಂಬರಿನ ಟ್ರಾಮು ನಿಮ್ಮನ್ನು ವಾಲ್ಡ್‌ಶ್ಲೋಸ್ಶೆನ್ ನಿಲ್ದಾಣದಲ್ಲಿ ಇಳಿಸಿ ಮುಂದೆ ಹೋಗುತ್ತದೆ. ಜೂನ್ ತಿಂಗಳ ಸಂಜೆ. ಗಡಿಯಾರ ಎಂಟು ದಾಟಿದ್ದರೂ ಬಿಸಿಲು ಇನ್ನೂ ಹೊಳೆಯ ಮೇಲಿದೆ. ದಿನ್ನೆಯ ಅಂಚಿಗೆ ಬಂದು ನಿಲ್ಲಿ. ಕೆಳಗೆ ವಿಶಾಲವಾದ ಹುಲ್ಲುಗಾವಲು, ಅದರ ನಡುವೆ ಎಡದಿಂದ ಬಲಕ್ಕೆ ಬಳುಕಿಕೊಂಡು ಹರಿಯುವ ಎಲ್ಬೆ. ಬಲಗಡೆ ದೂರದಲ್ಲಿ ಹಳೇ ಪೇಟೆಯ ಗೋಪುರಗಳು, ಅವುಗಳ ಮಧ್ಯೆ ಫ್ರೌವನ್‌ಕಿರ್ಶೆಯ ಕಲ್ಲಿನ ಗುಮ್ಮಟ. 1945ರ ಫೆಬ್ರವರಿಯ ಬಾಂಬ್ ದಾಳಿಯಲ್ಲಿ ಕುಸಿದಿದ್ದ ಆ ಚರ್ಚನ್ನು ಮತ್ತೆ ಕಟ್ಟಿ 2005ರಲ್ಲಿ ಪ್ರತಿಷ್ಠಾಪಿಸಿದರು.

ಈ ನೋಟದಲ್ಲಿ ಕಣ್ಣು ಎತ್ತ ಹೊರಳಿದರೂ ಒಂದು ವಸ್ತು ತಪ್ಪುವುದಿಲ್ಲ. ನಿಮ್ಮ ಕಾಲಬುಡದಿಂದಲೇ ಎಂಬಂತೆ ಹೊರಟು, ಹುಲ್ಲುಗಾವಲನ್ನೂ ಹೊಳೆಯನ್ನೂ ದಾಟಿ ಆಚೆ ದಡದ ಮರಗಳೊಳಗೆ ನುಗ್ಗುವ ಸೇತುವೆ. ಉದ್ದ 636 ಮೀಟರ್. ಹೊಳೆಯ ಮೇಲೆ ಮಾತ್ರ 148 ಮೀಟರ್ ಅಗಲಕ್ಕೆ ಉಕ್ಕಿನ ಕಮಾನು ಎದ್ದು ನಿಂತಿದೆ, ನೀರಿನಲ್ಲಿ ಕಂಬವಿಲ್ಲ. ಕೆಟ್ಟದಾಗಿದೆಯೇ? ಮೊದಲ ಸಲ ನೋಡುವವರು ಹಾಗೆನ್ನಲಿಕ್ಕಿಲ್ಲ. ಎಷ್ಟೋ ಊರುಗಳಲ್ಲಿರುವಂಥ, ಅಚ್ಚುಕಟ್ಟಾದ, ತುಸು ಭಾರವೆನಿಸುವ ಸೇತುವೆ. ಇದರ ರೂಪದ ಮೇಲೆ ಒಂದು ಊರು ವರ್ಷಗಟ್ಟಲೆ ಎರಡು ಹೋಳಾಗಿತ್ತು ಎಂದರೆ ನಂಬುವುದು ಕಷ್ಟ.

ಮೆಟ್ಟಿಲಿಳಿದು ಹುಲ್ಲಿಗೆ ಬನ್ನಿ. ಕೊಯ್ದ ಹುಲ್ಲಿನ ವಾಸನೆ ಮೂಗಿಗೆ ಬಡಿಯುತ್ತದೆ. ದಡದ ದಾರಿಯಲ್ಲಿ ಸೈಕಲ್ಲುಗಳು ಗಂಟೆ ಬಾರಿಸುತ್ತ ಸಾಗುತ್ತಿವೆ. ಇಷ್ಟು ದೊಡ್ಡ ನಗರದ ಹೊಟ್ಟೆಯೊಳಗೆ ಇಷ್ಟು ಬಯಲು ಹೇಗೆ ಉಳಿಯಿತು? ಉತ್ತರ ಹೊಳೆಯಲ್ಲಿದೆ. ಮಹಾಪೂರ ಬಂದಾಗ ಈ ಬಯಲೇ ನೀರನ್ನು ತನ್ನೊಳಗೆ ತೆಗೆದುಕೊಳ್ಳುತ್ತದೆ. 2002ರ ಆಗಸ್ಟಿನಲ್ಲಿ ಎಲ್ಬೆ ಇಲ್ಲಿ 9.40 ಮೀಟರ್ ಮಟ್ಟಕ್ಕೆ ಏರಿತ್ತು. ಊರವರು ಇಲ್ಲಿ ಮನೆ ಕಟ್ಟದೆ ಬಿಟ್ಟ ವಿವೇಕವೇ ಕಾಲಕ್ರಮದಲ್ಲಿ ಚೆಲುವಾಯಿತು. ಯುಬಿಗೌ ಅರಮನೆಯಿಂದ ಪಿಲ್ನಿಟ್ಸ್ ಅರಮನೆಯವರೆಗೆ, ಸುಮಾರು 18 ಕಿಲೋಮೀಟರ್ ಉದ್ದದ ಈ ಕಣಿವೆಯನ್ನು ಯುನೆಸ್ಕೊ 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಈಗ ಕಾಲವನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿ. 2005ರ ಫೆಬ್ರವರಿ 27. ಸೇತುವೆ ಇಲ್ಲ, ಹುಲ್ಲು ಮಾತ್ರ. ಚಳಿಗೆ ಕೋಟಿನ ಕಾಲರ್ ಎತ್ತಿಕೊಂಡು ಜನ ಮತಗಟ್ಟೆಗೆ ಹೊರಟಿದ್ದಾರೆ. ಇಲ್ಲಿ ಸೇತುವೆ ಬೇಕೋ ಬೇಡವೋ ಎಂಬುದು ಅವರ ಮುಂದಿರುವ ಪ್ರಶ್ನೆ. ಮತದಾರರಲ್ಲಿ ಅರ್ಧದಷ್ಟು ಮಂದಿ ಬಂದರು. ಮತ ಹಾಕಿದವರಲ್ಲಿ ಮೂರನೇ ಎರಡಕ್ಕಿಂತ ತುಸು ಹೆಚ್ಚು ಜನ ಬೇಕು ಎಂದರು. ಅವರಿಗೂ ಕಾರಣಗಳಿದ್ದವು. ಮೇಲುಗಡೆಯ ಲೋಷ್ವಿಟ್ಸ್ ಸೇತುವೆ 1893ರದು, ಮುದಿಯಾಗಿದೆ. ಕೆಳಗಡೆಯ ಸೇತುವೆಗಳಲ್ಲಿ ವಾಹನಗಳು ಮುಗಿಬೀಳುತ್ತವೆ. ಆಚೆ ದಡದ ಯೋಹಾನ್‌ಸ್ಟಾಟ್‌ನಲ್ಲಿ ವಿಶ್ವವಿದ್ಯಾಲಯದ ದೊಡ್ಡಾಸ್ಪತ್ರೆಯಿದೆ. ಈಚೆಯಿಂದ ಅಲ್ಲಿಗೆ ಹೋಗಬೇಕಾದವರಿಗೆ ಕಣಿವೆಯ ಸೊಬಗಿಗಿಂತ ದಾರಿಯ ಸುತ್ತೇ ದೊಡ್ಡದಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಆಮೇಲೆ ನಡೆದದ್ದು ಚಿತ್ರಗಳ ಜಗಳ. ಸೇತುವೆ ಕಟ್ಟಿದರೆ ಕಣಿವೆ ಹೇಗೆ ಕಂಡೀತು ಎಂದು ಅಳೆಯುವ ಕೆಲಸ ಆಖನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದ ತಜ್ಞರಿಗೆ ಬಂತು. ಸೇತುವೆ ಕಣಿವೆಯನ್ನು ಅತ್ಯಂತ ನಾಜೂಕಾದ ಜಾಗದಲ್ಲೇ ಕಡಿದು ಎರಡು ಮಾಡುತ್ತದೆ, ಆದ ಹಾನಿಯನ್ನು ಮತ್ತೆ ಸರಿಪಡಿಸಲಾಗದು ಎಂದು ಅವರು ಬರೆದರು. ಪರವಾಗಿದ್ದವರು ಲೋಷ್ವಿಟ್ಸ್ ಕಡೆ ಬೆರಳು ತೋರಿಸಿದರು. ಊರವರು ‘ನೀಲಿ ಅದ್ಭುತ’ ಎಂದು ಅಕ್ಕರೆಯಿಂದ ಕರೆಯುವ ಅದೂ ಉಕ್ಕಿನದೇ, ಅದೂ ಇದೇ ಕಣಿವೆಗೆ ಅಡ್ಡಲಾಗಿಯೇ ನಿಂತಿದೆ, ಅದನ್ನು ಪರಂಪರೆ ಎನ್ನುವುದಾದರೆ ಇದನ್ನೇಕೆ ಗಾಯ ಎನ್ನುತ್ತೀರಿ ಎಂಬುದು ಅವರ ವಾದ. ಸುರಂಗ ಕೊರೆಯಿರಿ, ದಾರಿಯೂ ಆಗುತ್ತದೆ ನೋಟವೂ ಉಳಿಯುತ್ತದೆ ಎಂದು ಮತ್ತೊಂದು ಗುಂಪು ಸಹಿ ಸಂಗ್ರಹಕ್ಕಿಳಿಯಿತು. ನಗರಸಭೆ ಕೆಲಸ ತಡೆಯಲು ನೋಡಿದಾಗ, ಜನಮತವೇ ಕೊನೆಯ ಮಾತು ಎಂದು ರಾಜ್ಯದ ಅಧಿಕಾರಿಗಳು ಪಟ್ಟು ಹಿಡಿದರು. ನ್ಯಾಯಾಲಯಗಳು ಅದನ್ನೇ ಎತ್ತಿಹಿಡಿದವು.

2006ರ ಜುಲೈಯಲ್ಲಿ ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಸಮಿತಿ ಸೇರಿತು. ಆ ಸಭೆಯಲ್ಲಿ ಡ್ರೆಸ್ಡೆನ್ ಕಣಿವೆ ‘ಅಪಾಯದಲ್ಲಿರುವ ತಾಣಗಳ’ ಪಟ್ಟಿಗೆ ಸೇರಿದರೆ, ಅದೇ ಸಭೆಯಲ್ಲಿ ಅದೇ ಪಟ್ಟಿಯಿಂದ ಹೊರಬಂದದ್ದು ನಮ್ಮ ಹಂಪಿ. ಹಂಪಿಯನ್ನು 1999ರಲ್ಲಿ ಅಲ್ಲಿಗೆ ತಳ್ಳಿದ್ದೂ ಸೇತುವೆಗಳೇ. ತುಂಗಭದ್ರೆಗೆ ಆನೆಗೊಂದಿಯ ಹತ್ತಿರ ಕಟ್ಟುತ್ತಿದ್ದ ವಾಹನ ಸೇತುವೆ ಒಂದು, ವಿರೂಪಾಪುರ ಗಡ್ಡೆಗೆ ಹೋಗುವ ಕಾಲುಸೇತುವೆ ಇನ್ನೊಂದು. ಬಂಡೆಗಳ ನಡುವಿನ ಹೊಳೆಗೆ ಕಾಂಕ್ರೀಟು ಕಂಬ ಒಪ್ಪುವುದಿಲ್ಲ ಎಂದು ಒಂದು ಕಡೆಯವರು; ಹೊಳೆ ತುಂಬಿದಾಗ ಹರಿಗೋಲು ಹಾಕುವುದಿಲ್ಲ, ಆಸ್ಪತ್ರೆಗೂ ಕಾಲೇಜಿಗೂ ಸುತ್ತಿ ಹೋಗಬೇಕು ಎಂದು ಆನೆಗೊಂದಿ ಕಡೆಯವರು. ಅಲ್ಲಿನ ತಳವಾರಘಟ್ಟದಲ್ಲಿ ಹರಿಗೋಲಿಗೆ ಕಾದು ಕೂತವರಿಗೆ ಡ್ರೆಸ್ಡೆನ್ನಿನ ಜಗಳವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮತ್ತೆ ಎಲ್ಬೆಯ ದಡಕ್ಕೆ. 2007ರ ಆಗಸ್ಟ್. ಯಂತ್ರಗಳು ಬರುವ ಹೊತ್ತಿಗೆ ಒಂದು ಬಾವಲಿ ಕೆಲಸ ನಿಲ್ಲಿಸಿತು. ಕಿರಿಯ ಲಾಳಮೂಗಿನ ಬಾವಲಿ: ಹೆಬ್ಬೆರಳಿನಷ್ಟು ಮೈ, ಹತ್ತು ಗ್ರಾಂ ಮೀರದ ತೂಕ, ಬೇಲಿಸಾಲಿನ ಅಂಚು ಹಿಡಿದು ತಗ್ಗಿನಲ್ಲಿ ಹಾರುವ, ಬೆಳಕು ಕಂಡರೆ ದೂರ ಸರಿಯುವ ಜೀವ. ಅದಕ್ಕೆ ಸಾಕಷ್ಟು ರಕ್ಷಣೆಯಿಲ್ಲವೆಂದು ನ್ಯಾಯಾಲಯ ತಡೆ ಕೊಟ್ಟಿತು. ನವೆಂಬರಿನಲ್ಲಿ ಮೇಲಿನ ನ್ಯಾಯಾಲಯ ತಡೆ ತೆಗೆದ ಮೇಲೆ ಮಣ್ಣು ಅಗೆಯುವುದು ಶುರುವಾಯಿತು. ಆ ಚಳಿಗಾಲದಲ್ಲಿ ದಾರಿಗೆ ಅಡ್ಡವಿದ್ದ ಹಳೇ ಬೀಚ್ ಮರವೊಂದರ ಮೇಲೆ ಹೋರಾಟಗಾರರು ಹತ್ತಿ ಕೂತರು. ಪೊಲೀಸರು ಅವರನ್ನು ಇಳಿಸಿದರು, ಮರ ಉರುಳಿತು.

2009ರ ಜೂನ್ 25ರಂದು ಸ್ಪೇನಿನ ಸೆವಿಲ್ಲೆಯಲ್ಲಿ ಸೇರಿದ್ದ ಸಮಿತಿ ಡ್ರೆಸ್ಡೆನ್ ಕಣಿವೆಯ ಹೆಸರನ್ನು ಪರಂಪರೆ ಪಟ್ಟಿಯಿಂದಲೇ ಹೊಡೆದುಹಾಕಿತು. ಅದಕ್ಕೆ ಮೊದಲು ಪಟ್ಟಿಯಿಂದ ಹೊರಬಿದ್ದದ್ದು ಒಮಾನ್ ದೇಶದ ಆರಿಕ್ಸ್ ಜಿಂಕೆಗಳ ಅಭಯಾರಣ್ಯ ಒಂದೇ. ಅದೇ ವರ್ಷದ ಜನವರಿಯಲ್ಲಿ, ಕೆಲಸ ಮತ್ತೆ ಶುರುವಾಗಿದ್ದ ಆನೆಗೊಂದಿ ಸೇತುವೆ ಕುಸಿದು ಕೂಲಿಯಾಳುಗಳು ಸತ್ತರು. ಚೆಲುವು, ದಾರಿ ಎಂಬ ವಾದದಲ್ಲಿ ಎರಡೂ ಕಡೆಯವರು ಮುಳುಗಿದ್ದಾಗ ಕಬ್ಬಿಣ ಹೊತ್ತವರ ಜೀವದ ಲೆಕ್ಕ ಯಾರ ಬಾಯಲ್ಲೂ ಇರಲಿಲ್ಲ. ಕೊನೆಗೆ ಅಲ್ಲಿ ಸೇತುವೆ ಆಯಿತು, ಆದರೆ ಬೇರೆ ಕಡೆ, ಕಡೇಬಾಗಿಲು ಮತ್ತು ಬುಕ್ಕಸಾಗರದ ನಡುವೆ.

ಡ್ರೆಸ್ಡೆನ್ನಿನಲ್ಲಿ ಮಾತ್ರ ಜಾಗ ಕದಲಲಿಲ್ಲ. 2010ರ ಡಿಸೆಂಬರಿನಲ್ಲಿ, ದಡದಲ್ಲೇ ಬೆಸುಗೆ ಹಾಕಿ ಜೋಡಿಸಿದ್ದ ಮಧ್ಯದ ಕಮಾನನ್ನು ತೇಲುದೋಣಿಗಳ ಮೇಲೆ ಹೊಳೆಗಿಳಿಸಿ ಕಂಬಗಳ ನಡುವೆ ಕೂರಿಸಿದರು. ಅಲ್ಲಿಯವರೆಗೆ ಕಾಗದದ ಮೇಲಿದ್ದ ಗೆರೆ ಆಕಾಶಕ್ಕೆ ಅಡ್ಡ ಬಂದದ್ದು ಆಗ. 2013ರ ಆಗಸ್ಟಿನಲ್ಲಿ ಮೊದಲು ನಡೆಯುವವರಿಗೆ, ಎರಡು ದಿನ ಬಿಟ್ಟು ವಾಹನಗಳಿಗೆ ಸೇತುವೆ ತೆರೆಯಿತು.

ಈಗ ಮೇಲೆ ಹತ್ತಿ, ಪಾದಚಾರಿ ದಾರಿಯಲ್ಲಿ ನಡು ಹೊಳೆಯವರೆಗೆ ನಡೆಯಿರಿ. ಲಾರಿಯೊಂದು ಹಾದಾಗ ಅಂಗಾಲಿಗೆ ಸಣ್ಣ ನಡುಕ ತಾಗುತ್ತದೆ. ಕಟಕಟೆಗೆ ಒರಗಿ ನಿಂತವರೆಲ್ಲ ಒಂದೇ ಕಡೆ ಮುಖ ಮಾಡಿ ಫೋನು ಎತ್ತಿದ್ದಾರೆ. ಗುಮ್ಮಟ, ಗೋಪುರ, ಹೊಳೆಯ ತಿರುವು, ಕೆಂಪಾಗುತ್ತಿರುವ ನೀರು, ಎಲ್ಲ ಒಂದೇ ಚೌಕಟ್ಟಿನಲ್ಲಿ. ಕಣಿವೆಯ ನಟ್ಟನಡುವಿನಿಂದ ಇಂಥ ನೋಟ ಮೊದಲು ದೋಣಿಯವರಿಗಷ್ಟೇ ದಕ್ಕುತ್ತಿತ್ತು. ಇಲ್ಲಿ ನಿಂತವರಿಗೆ ಸೇತುವೆಯ ಕಾಟ ಕಾಣುವುದಿಲ್ಲ. ಅವರು ಅದರ ಮೇಲೆಯೇ ಇದ್ದಾರೆ. ದಿನ್ನೆಯ ಮೇಲೆ ಕೂತವನಿಗೆ ಕಡಿದಂತೆ ಕಂಡ ಕಣಿವೆ ಇವರಿಗೆ ಇಡಿಯಾಗಿ ಸಿಕ್ಕಿದೆ. ಬೆಳಿಗ್ಗೆ ಆಸ್ಪತ್ರೆಯ ಕೆಲಸಕ್ಕೆ ಸೈಕಲ್ಲಿನಲ್ಲಿ ದಾಟುವವರೇ ಸಂಜೆ ದಿನ್ನೆಯ ಮೇಲೆ ಬಿಯರ್ ಲೋಟ ಹಿಡಿದು ಅದನ್ನು ಬೈಯಬಹುದು. ಎರಡೂ ಮಾತು ಸುಳ್ಳಲ್ಲ.

ಕತ್ತಲಾಗುತ್ತಿದ್ದಂತೆ ಕಾರುಗಳ ವೇಗ ತಗ್ಗುತ್ತದೆ. ಏಪ್ರಿಲಿನಿಂದ ಅಕ್ಟೋಬರಿನವರೆಗೆ ರಾತ್ರಿ ಹೊತ್ತು ಇಲ್ಲಿ ಗಂಟೆಗೆ 30 ಕಿಲೋಮೀಟರ್ ಮಿತಿ, ಬಾವಲಿಗಳಿಗಾಗಿ. ಮೀರಿದವರನ್ನು ಕ್ಯಾಮೆರಾ ಹಿಡಿಯುತ್ತದೆ. ವಾದದಲ್ಲಿ ಪಾಲು ಗಿಟ್ಟಿಸಿಕೊಂಡವರಲ್ಲಿ ಬಾವಲಿಯೂ ಒಂದು.

2024ರ ಸೆಪ್ಟೆಂಬರ್ 11ರ ನಸುಕಿನಲ್ಲಿ, ಕೊನೆಯ ಟ್ರಾಮು ದಾಟಿದ ಕೆಲವೇ ನಿಮಿಷಗಳಲ್ಲಿ, ಇದೇ ನಗರದ ಕರೋಲಾ ಸೇತುವೆಯ ಒಂದು ಭಾಗ ಎಲ್ಬೆಗೆ ಕುಸಿಯಿತು. ಯಾರಿಗೂ ಏನೂ ಆಗಲಿಲ್ಲ. ಒಳಗಿನ ಉಕ್ಕಿನ ತಂತಿಗಳು ತುಕ್ಕಿಗೆ ಬಿರಿದಿದ್ದವು. ಅದರ ವಾಹನಗಳು ಉಳಿದ ಸೇತುವೆಗಳಿಗೆ ಹಂಚಿಹೋದಾಗ, ಈ ಬೈಗುಳ ತಿಂದ ಸೇತುವೆಯೂ ಹೊರೆಗೆ ಹೆಗಲು ಕೊಟ್ಟಿತು. ಹಳೇ ಪೇಟೆಯ ಗೋಪುರಗಳ ಪಕ್ಕದಲ್ಲೇ ಏಳಬೇಕಾದ ಹೊಸ ಕರೋಲಾ ಹೇಗಿರಬೇಕು, ಎಷ್ಟು ಅಗಲವಿರಬೇಕು ಎಂಬ ಚರ್ಚೆ ಊರಲ್ಲಿ ಮತ್ತೆ ಎದ್ದಿತು. ಬೇಕೋ ಬೇಡವೋ ಎಂದು ಮೊದಲು ಕೇಳಿ, ರೂಪದ ಮಾತನ್ನು ಆಮೇಲೆ ಎತ್ತಿದ್ದಕ್ಕೆ ವಾಲ್ಡ್‌ಶ್ಲೋಸ್ಶೆನ್‌ನಲ್ಲಿ ತೆತ್ತ ಬೆಲೆ ಎಲ್ಲರಿಗೂ ಗೊತ್ತು. ಎಲ್ಲಿ, ಹೇಗೆ, ಯಾವ ಎತ್ತರಕ್ಕೆ ಎಂಬುದನ್ನು ದಡದಲ್ಲಿ ನಿಲ್ಲುವವರೂ ದಾಟಬೇಕಾದವರೂ ಒಟ್ಟಿಗೆ ಕೂತು ತೀರ್ಮಾನಿಸಿದರೆ, ಬೇಕೋ ಬೇಡವೋ ಎಂಬ ಪ್ರಶ್ನೆಯ ಮುಕ್ಕಾಲು ಜಗಳ ಅಲ್ಲಿಗೇ ಮುಗಿಯುತ್ತದೆ.